ಯಾವ ಹಳದಿ, ಯಾವ ಬೂದು: ಟ್ಯಾಂಕ್ ಮಾದರಿಗಳ ಬಣ್ಣದ ವಿಚಾರ

ಅಳತೆ ಮಾದರಿ ಎಂದರೆ ನಿಜವಾದ ವಾಹನದ ಎಲ್ಲ ಭಾಗಗಳನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ, ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿದ ಬಿಡಿಭಾಗಗಳನ್ನು ಅಂಟಿನಿಂದ ಜೋಡಿಸಿ, ಬಣ್ಣ ಹಚ್ಚಿ ಪೂರ್ಣಗೊಳಿಸುವ ಪ್ರತಿಕೃತಿ. ಟ್ಯಾಂಕ್ ಮಾದರಿಗಳಲ್ಲಿ ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ 1/35. ಜಪಾನಿನ ತಮಿಯಾ ಕಂಪನಿಯು 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ತಂದಾಗ, ಒಳಗೆ ಮೋಟಾರು ಮತ್ತು ಬ್ಯಾಟರಿಗಳು ಕೂರಬೇಕೆಂಬ ಕಾರಣಕ್ಕೆ ಆರಿಸಿಕೊಂಡ ಗಾತ್ರವೇ ಮುಂದೆ ರೂಢಿಯಾಯಿತು. ಈ ಪ್ರಮಾಣದಲ್ಲಿ ಆಕಾರದ ನಿಖರತೆಯನ್ನು ಪರೀಕ್ಷಿಸುವುದು ಸುಲಭ. ಪ್ಯಾಂಥರ್‌ನ ಒಡಲು 6.87 ಮೀಟರ್ ಉದ್ದವಿತ್ತಾದ್ದರಿಂದ ಮಾದರಿಯ ಒಡಲು ಸುಮಾರು 19.6 ಸೆಂಟಿಮೀಟರ್ ಇರಬೇಕು, ಇಲ್ಲದಿದ್ದರೆ ಅದು ತಪ್ಪು ಎಂದು ಸ್ಕೇಲು ಹಿಡಿದು ಯಾರು ಬೇಕಾದರೂ ಹೇಳಬಹುದು. ಆದರೆ ಆ ಒಡಲಿನ ಮೇಲಿನ ಹಳದಿ ಸರಿಯಾದ ಹಳದಿಯೇ ಎಂಬ ಪ್ರಶ್ನೆಗೆ ಸ್ಕೇಲು ಉತ್ತರ ಕೊಡಲಾರದು. ಎಂಬತ್ತು ವರ್ಷಗಳ ಹಿಂದಿನ ಪೇಂಟು ಇಂದು ಅಂದಿನ ಸ್ಥಿತಿಯಲ್ಲಿ ಎಲ್ಲಿಯೂ ಉಳಿದಿಲ್ಲ, ಉಳಿದಿರುವುದು ಆದೇಶಪತ್ರಗಳು, ಕಪ್ಪುಬಿಳುಪು ಚಿತ್ರಗಳು, ತುಕ್ಕು ಹಿಡಿದ ಅವಶೇಷಗಳು ಮತ್ತು ಬಣ್ಣದ ಮಾದರಿ ಚೀಟಿಗಳು ಮಾತ್ರ. ಕ್ಯಾಮೊಫ್ಲಾಜ್, ಅಂದರೆ ವಾಹನವು ಸುತ್ತಲಿನ ನೆಲ ಮತ್ತು ಗಿಡಮರಗಳ ನಡುವೆ ಶತ್ರುವಿನ ಕಣ್ಣಿಗೆ ಬೀಳದಂತೆ ಮಾಡುವ ಮರೆಬಣ್ಣವನ್ನು ಆರಿಸುವ ಕೆಲಸವು ಈ ಕಾರಣದಿಂದ ಚಿತ್ರಕಲೆಗಿಂತ ಇತಿಹಾಸ ಸಂಶೋಧನೆಗೆ ಹತ್ತಿರವಾದದ್ದು.

ಈ ಸಂಶೋಧನೆಯ ಮೊದಲ ಹೆಜ್ಜೆ ಪ್ರಶ್ನೆಯನ್ನು ಸರಿಯಾಗಿ ಕೇಳುವುದು. ಜರ್ಮನ್ ಟ್ಯಾಂಕುಗಳ ಬಣ್ಣ ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ಯಾವ ಟ್ಯಾಂಕು, ಯಾವ ತಿಂಗಳು ಕಾರ್ಖಾನೆಯಿಂದ ಹೊರಬಂದದ್ದು, ಯಾವ ರಣಾಂಗಣಕ್ಕೆ ಹೋದದ್ದು ಎಂದು ಕೇಳಿದರೆ ಉತ್ತರ ತಾನಾಗಿ ಕಿರಿದಾಗುತ್ತ ಬರುತ್ತದೆ. ಎರಡನೆಯ ಮಹಾಯುದ್ಧದ ಜರ್ಮನ್ ವಾಹನಗಳು ಇದಕ್ಕೆ ಒಳ್ಳೆಯ ನಿದರ್ಶನ, ಏಕೆಂದರೆ ಅಲ್ಲಿನ ಸೇನಾಡಳಿತವು ಬಣ್ಣದ ಬಗ್ಗೆ ದಿನಾಂಕ ಸಹಿತ ಆದೇಶಗಳನ್ನು ಹೊರಡಿಸುತ್ತಿತ್ತು ಮತ್ತು ಪ್ರತಿ ಬಣ್ಣಕ್ಕೂ ಒಂದು ಸಂಖ್ಯೆಯಿತ್ತು. ಆ ಸಂಖ್ಯೆಗಳ ಮೂಲ ಆರ್‌ಎಎಲ್ ಎಂಬ ಸಂಸ್ಥೆ. ಸರಕುಗಳ ಗುಣಮಟ್ಟಕ್ಕೆ ಏಕರೂಪದ ನಿಯಮಗಳನ್ನು ರೂಪಿಸಲೆಂದು 1925ರಲ್ಲಿ ಜರ್ಮನಿಯಲ್ಲಿ ಆರಂಭವಾದ ಈ ಸಂಸ್ಥೆಯು 1927ರಲ್ಲಿ 40 ಬಣ್ಣಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿತು. ತಯಾರಕನಿಗೂ ಗ್ರಾಹಕನಿಗೂ ಒಂದೇ ಮಾದರಿ ಚೀಟಿ ಕೈಯಲ್ಲಿದ್ದರೆ ಬಣ್ಣದ ಬಗ್ಗೆ ಜಗಳ ಇರದು ಎಂಬುದು ಅದರ ಉದ್ದೇಶ. ಇಂದು ಬೆಂಗಳೂರಿನ ಅಂಗಡಿಯಲ್ಲಿ ಪೌಡರ್ ಕೋಟಿಂಗಿಗೆ ಬಣ್ಣ ಆರಿಸುವಾಗ ಬಿಚ್ಚಿ ತೋರಿಸುವ ಆರ್‌ಎಎಲ್ ಚೀಟಿಗಳ ಕಟ್ಟು ಅದೇ ಪಟ್ಟಿಯ ವಂಶದ್ದು.

ಯುದ್ಧದ ಆರಂಭದ ಜರ್ಮನ್ ಟ್ಯಾಂಕುಗಳನ್ನು ಬಹುಕಾಲದವರೆಗೆ ಮಾದರಿಕಾರರು ಬರಿಯ ಕಡುಬೂದು ಬಣ್ಣದಲ್ಲಿಯೇ ಮುಗಿಸುತ್ತಿದ್ದರು, ಮತ್ತು ಹಳೆಯ ಚಿತ್ರಗಳನ್ನು ನೋಡಿದವರಿಗೆ ಅದು ಸಂದೇಹಕ್ಕೆಡೆಯಿಲ್ಲದ ಸಂಗತಿಯಾಗಿತ್ತು. ಥಾಮಸ್ ಜೆಂಟ್ಸ್ ಮತ್ತು ಹಿಲರಿ ಡಾಯ್ಲ್ ಎಂಬ ಇಬ್ಬರು ಸಂಶೋಧಕರು ಮೂಲ ಆದೇಶಗಳನ್ನು ಹುಡುಕಿ ಓದಿದ ಮೇಲೆ ಚಿತ್ರ ಬದಲಾಯಿತು. 1937ರ ಆದೇಶದ ಪ್ರಕಾರ ವಾಹನದ ಮೈಯ ಮೂರರಲ್ಲಿ ಎರಡು ಪಾಲು ಕಡುಬೂದು, ಉಳಿದ ಒಂದು ಪಾಲು ಕಡುಕಂದು ಇರಬೇಕಾಗಿತ್ತು, ಮತ್ತು ಬೂದು ಬಣ್ಣವೊಂದನ್ನೇ ಬಳಸಬೇಕೆಂಬ ಆದೇಶ ಬಂದದ್ದು 1940ರ ಜುಲೈ ಕೊನೆಗೆ. ಹಾಗಾದರೆ 1939ರ ಸೆಪ್ಟೆಂಬರಿನಲ್ಲಿ ಪೋಲೆಂಡಿಗೆ ನುಗ್ಗಿದ, 1940ರ ಮೇ ತಿಂಗಳಲ್ಲಿ ಫ್ರಾನ್ಸಿಗೆ ನುಗ್ಗಿದ ಟ್ಯಾಂಕುಗಳಿಗೆ ನಿಯಮದಂತೆ ಇದ್ದದ್ದು ಎರಡು ಬಣ್ಣ. ಇಷ್ಟೊಂದು ಜನ ಇಷ್ಟು ವರ್ಷ ಇದನ್ನು ಕಾಣದೆ ಹೋದದ್ದಕ್ಕೆ ಕಾರಣ ಸರಳವಾಗಿದೆ: ಎರಡೂ ಬಣ್ಣಗಳು ಸಮಾನವಾಗಿ ಗಾಢವಾಗಿದ್ದು, ಕಪ್ಪುಬಿಳುಪು ಫಿಲ್ಮಿನ ಮೇಲೆ ಧೂಳಿನ ಪದರದಡಿ ಒಂದರಲ್ಲೊಂದು ಕರಗಿಹೋಗುತ್ತವೆ. ತೊಳೆದ ಹೊಸ ವಾಹನದ ಸ್ಪಷ್ಟ ಚಿತ್ರದಲ್ಲಿ, ಏನನ್ನು ಹುಡುಕಬೇಕೆಂದು ತಿಳಿದ ಕಣ್ಣಿಗೆ ಮಾತ್ರ, ಕಂದು ತೇಪೆಗಳ ಅಂಚು ಮಸುಕಾಗಿ ತೋರುತ್ತದೆ.

ಹೀಗೆಂದು ಕಪ್ಪುಬಿಳುಪು ಚಿತ್ರಗಳು ನಿರುಪಯುಕ್ತವೆಂದು ತಿಳಿಯಬಾರದು. ಬಣ್ಣದ ಹೆಸರನ್ನು ಅವು ಹೇಳಲಾರವು. ಆದರೆ ಯಾವುದು ತಿಳಿ, ಯಾವುದು ಗಾಢ, ತೇಪೆಯ ಅಂಚು ಕತ್ತರಿಸಿದಂತೆ ಚೂಪಾಗಿದೆಯೇ ಅಥವಾ ಸ್ಪ್ರೇ ಮಾಡಿದಂತೆ ಮೆತ್ತಗಿದೆಯೇ, ವಿನ್ಯಾಸ ಫಿರಂಗಿಯ ನಳಿಗೆಯವರೆಗೂ ಹರಿದಿದೆಯೇ ಎಂಬುದನ್ನು ಅವುಗಳಷ್ಟು ಪ್ರಾಮಾಣಿಕವಾಗಿ ಹೇಳುವ ಸಾಕ್ಷಿ ಬೇರೊಂದಿಲ್ಲ. ಫಿಲ್ಮಿನ ಸ್ವಭಾವವನ್ನು ಮಾತ್ರ ತಿಳಿದಿರಬೇಕು. ಆರ್ಥೋಕ್ರೊಮ್ಯಾಟಿಕ್ ಎಂಬ ಹಳೆಯ ಬಗೆಯ ಫಿಲ್ಮು ಕೆಂಪು ಬೆಳಕನ್ನು ಗ್ರಹಿಸದಿರುವುದರಿಂದ ಅದರಲ್ಲಿ ಕೆಂಪು ಕಪ್ಪಾಗಿಯೂ ನೀಲಿ ಬೆಳ್ಳಗೂ ಕಾಣುತ್ತದೆ. ಎಲ್ಲ ಬಣ್ಣಗಳ ಬೆಳಕನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಅದೇ ಕೆಂಪು ನಡುಬೂದಾಗುತ್ತದೆ. ಅಂದಿನ ಬಣ್ಣದ ಚಿತ್ರಗಳೂ ಪೂರ್ಣ ವಿಶ್ವಾಸಕ್ಕೆ ಅರ್ಹವಲ್ಲ, ಏಕೆಂದರೆ ಕಾಲ ಕಳೆದಂತೆ ಫಿಲ್ಮಿನೊಳಗಿನ ಬಣ್ಣಗಳು ಬೇರೆ ಬೇರೆ ವೇಗದಲ್ಲಿ ಮಾಸಿ ಇಡೀ ಚಿತ್ರ ಒಂದು ಛಾಯೆಗೆ ವಾಲಿರುತ್ತದೆ. ಅಂಥ ಚಿತ್ರದಲ್ಲಿ ಮೊದಲು ನೋಡಬೇಕಾದದ್ದು ಟ್ಯಾಂಕನ್ನಲ್ಲ, ಬಣ್ಣ ಖಚಿತವಾಗಿ ಗೊತ್ತಿರುವ ಬೇರೆ ವಸ್ತುಗಳನ್ನು: ಸೈನಿಕನ ಮುಖ, ಮರದ ಎಲೆ, ಬಿಳಿಯ ಬ್ಯಾಂಡೇಜು. ಬ್ಯಾಂಡೇಜು ಗುಲಾಬಿಯಾಗಿ ಕಂಡರೆ ಟ್ಯಾಂಕಿನ ಬಣ್ಣದಲ್ಲಿಯೂ ಅಷ್ಟೇ ಗುಲಾಬಿಯನ್ನು ಕಳೆದು ಓದಬೇಕು.

1943ರ ಫೆಬ್ರುವರಿ 18ರ ಆದೇಶವು ಮಾದರಿಕಾರರ ಲೋಕದಲ್ಲಿ ಬೇರಾವುದಕ್ಕಿಂತ ಹೆಚ್ಚು ಚರ್ಚೆಗೆ ಒಳಗಾದದ್ದು, ಮತ್ತು ಅದಕ್ಕೆ ತಕ್ಕ ಕಾರಣವಿದೆ. ಅಲ್ಲಿಂದ ಮುಂದೆ ಜರ್ಮನ್ ವಾಹನಗಳ ಮೂಲಬಣ್ಣ ಕಡುಬೂದಿನ ಬದಲು ಡುಂಕೆಲ್‌ಗೆಲ್ಬ್, ಅಂದರೆ ಕಡುಹಳದಿ. ಅದರ ಮೇಲೆ ಹಚ್ಚಲು ಆಲಿವ್ ಹಸಿರು ಮತ್ತು ಕೆಂಗಂದು ಬಣ್ಣಗಳನ್ನು ಗಟ್ಟಿಯಾದ ಪೇಸ್ಟಿನ ರೂಪದಲ್ಲಿ ಡಬ್ಬಿಗಳಲ್ಲಿ ತುಂಬಿ ಸೇನಾ ತುಕಡಿಗಳಿಗೇ ಕಳುಹಿಸಲಾಯಿತು. ಕಾರ್ಖಾನೆಯಿಂದ ಹಳದಿಯಾಗಿ ಬಂದ ಟ್ಯಾಂಕಿನ ಮೇಲೆ, ತಾವಿರುವ ನೆಲಕ್ಕೂ ಋತುವಿಗೂ ಹೊಂದುವಂತೆ ಹಸಿರು ಮತ್ತು ಕಂದನ್ನು ಹಚ್ಚಿಕೊಳ್ಳುವುದು ಅದರ ಸಿಬ್ಬಂದಿಯ ಕೆಲಸವಾಯಿತು. ಪೇಸ್ಟನ್ನು ತೆಳುಗೊಳಿಸಲು ಪೆಟ್ರೋಲ್ ಬಳಸಬಹುದಿತ್ತು, ಅದು ಸಿಗದಿದ್ದರೆ ನೀರನ್ನೂ ಬಳಸಬಹುದಿತ್ತು. ಪೆಟ್ರೋಲ್ ಬೆರೆಸಿದ ಬಣ್ಣ ಗಟ್ಟಿಯಾಗಿ ನಿಂತರೆ ನೀರು ಬೆರೆಸಿದ್ದು ಮಳೆಗೆ ತೊಳೆದುಹೋಗುತ್ತಿತ್ತು. ಹೆಚ್ಚು ತೆಳುಗೊಳಿಸಿದಲ್ಲಿ ಕೆಳಗಿನ ಹಳದಿ ಇಣುಕುತ್ತಿತ್ತು. ಸ್ಪ್ರೇ ಗನ್ ಇದ್ದ ತುಕಡಿಯ ಟ್ಯಾಂಕಿನ ಮೇಲೆ ಮಂಜಿನಂಥ ಅಂಚೂ, ಬ್ರಷ್ಷಿನಲ್ಲಿ ಬಳಿದವರ ಟ್ಯಾಂಕಿನ ಮೇಲೆ ಗೀರುಗಳೂ ಮೂಡುತ್ತಿದ್ದವು. ಒಂದೇ ಡಬ್ಬಿಯ ಕೆಂಗಂದು ಒಂದೇ ತುಕಡಿಯ ಎರಡು ಟ್ಯಾಂಕುಗಳ ಮೇಲೆ ಎರಡು ಬಣ್ಣವಾಗಿ ಕಾಣಲು ಇಷ್ಟು ಸಾಕು. 1943ರ ಜುಲೈ 5ರಂದು ಕುರ್ಸ್ಕ್ ಕದನದಲ್ಲಿ ಮೊದಲ ಬಾರಿಗೆ ರಣರಂಗಕ್ಕಿಳಿದ ಸುಮಾರು 200 ಪ್ಯಾಂಥರ್‌ಗಳ ಪೈಕಿ ಒಂದನ್ನು ಮಾಡಹೊರಟವನು ಕಿಟ್ಟಿನೊಳಗಿನ ಬಣ್ಣದ ನಕ್ಷೆಯನ್ನು ಕಣ್ಣುಮುಚ್ಚಿ ಅನುಸರಿಸದೆ, ತಾನು ಆರಿಸಿದ ಅದೇ ಟ್ಯಾಂಕಿನ ಅಥವಾ ಕನಿಷ್ಠ ಅದೇ ತುಕಡಿಯ ಚಿತ್ರವನ್ನು ಮುಂದಿಟ್ಟುಕೊಳ್ಳಬೇಕಾದದ್ದು ಇದಕ್ಕಾಗಿಯೇ.

ಕಡುಹಳದಿಯ ಕಥೆ ಇನ್ನೂ ಜಟಿಲ. ಮೂಲ ಆದೇಶದಲ್ಲಿ ಅದನ್ನು ಮಾದರಿಯ ಪ್ರಕಾರ ಎಂದಷ್ಟೇ ಸೂಚಿಸಲಾಗಿತ್ತು, ಎಂದರೆ ತಯಾರಕರಿಗೆ ಕಳುಹಿಸಿದ ಮಾದರಿ ಚೀಟಿಯೇ ಪ್ರಮಾಣ. ಈ ಬಣ್ಣವನ್ನು ಈಗ ಆರ್‌ಎಎಲ್ 7028 ಎಂದು ಕರೆಯುತ್ತಾರೆ. ಆಲಿವ್ ಹಸಿರಿನ 6003, ಕೆಂಗಂದಿನ 8017, ಕಡುಬೂದಿನ 7021 ಇಂದಿನ ಆರ್‌ಎಎಲ್ ಚೀಟಿಗಳ ಕಟ್ಟಿನಲ್ಲಿಯೂ ಸಿಗುತ್ತವೆ. 7028 ಮಾತ್ರ ಇಲ್ಲ. ಮಾದರಿಕಾರರಿಗೆ ಎಲ್ಲಕ್ಕಿಂತ ಅಗತ್ಯವಾದ ಬಣ್ಣವೇ ಪಟ್ಟಿಯಿಂದ ಹೊರಗುಳಿದಿರುವುದರಿಂದ ಒಂದೊಂದು ಪೇಂಟ್ ಕಂಪನಿಯ ಕಡುಹಳದಿಯೂ ಒಂದೊಂದು ದಿಕ್ಕಿಗೆ ವಾಲುತ್ತದೆ: ಒಂದು ಹಸಿರಿಗೆ, ಇನ್ನೊಂದು ಮರಳಿಗೆ, ಮತ್ತೊಂದು ಸಾಸಿವೆಗೆ. ಸಿಗುವ ಸಂಖ್ಯೆಗಳ ವಿಷಯದಲ್ಲಿಯೂ ಎಚ್ಚರ ಬೇಕು. ಯುದ್ಧಕಾಲದ ಕೆಂಗಂದು 8017ಕ್ಕೆ ಇಂದು ಚಾಕೊಲೇಟ್ ಕಂದು ಎಂಬ ಹೆಸರಿದೆ. ಸಂಖ್ಯೆ ಒಂದೇ ಎಂಬ ಮಾತ್ರಕ್ಕೆ ಪದೇಪದೇ ಪರಿಷ್ಕೃತವಾದ ಪಟ್ಟಿಯ ಇಂದಿನ ಚೀಟಿ ಅಂದಿನ ಪೇಸ್ಟಿಗೆ ಸಾಕ್ಷಿಯಾಗದು.

ಯುದ್ಧದ ಕೊನೆಯ ವರ್ಷದಲ್ಲಿ ಈ ಕ್ರಮವೂ ಬದಲಾಯಿತು. 1944ರ ಆಗಸ್ಟ್‌ನಿಂದ ಕ್ಯಾಮೊಫ್ಲಾಜ್ ಹಚ್ಚುವ ಕೆಲಸ ಮತ್ತೆ ಕಾರ್ಖಾನೆಗಳಿಗೆ ಬಂದಿತು, ಮತ್ತು ಆ ವರ್ಷಾಂತ್ಯಕ್ಕೆ ಬಣ್ಣ ಉಳಿಸಲೆಂದು ಪ್ರೈಮರನ್ನೇ, ಅಂದರೆ ತುಕ್ಕು ತಡೆಯಲು ಉಕ್ಕಿನ ಮೇಲೆ ಮೊದಲು ಹೊಡೆಯುವ ಕೆಂಪು ಅಸ್ತರನ್ನೇ, ವಿನ್ಯಾಸದ ಒಂದು ಬಣ್ಣವಾಗಿ ಅಲ್ಲಲ್ಲಿ ಹಾಗೆಯೇ ಬಿಟ್ಟರು. ಕಿಟಕಿಯ ಗ್ರಿಲ್ಲಿಗೆ ಹೊಡೆಯುವ ರೆಡ್ ಆಕ್ಸೈಡ್ ಅನ್ನು ನೋಡಿದ ಯಾರಿಗಾದರೂ ಆ ಕೆಂಪಿನ ಅಂದಾಜು ಸಿಗುತ್ತದೆ.

ಆದೇಶಗಳಷ್ಟೇ ಸಾಲವು, ಛಾಯೆಯ ಹೆಸರೇ ದಾರಿ ತಪ್ಪಿಸಬಹುದು ಎಂಬುದಕ್ಕೆ ಬ್ರಿಟಿಷರ ಕಾಂಟರ್ ವಿನ್ಯಾಸವು ಒಳ್ಳೆಯ ಪಾಠ. ಬ್ರಿಗೇಡಿಯರ್ ಕಾಂಟರ್ ಅವರ ಹೆಸರಿನಿಂದ ಪ್ರಸಿದ್ಧವಾದ ಇದು 1940 ಮತ್ತು 1941ರಲ್ಲಿ ಈಜಿಪ್ಟ್ ಹಾಗೂ ಲಿಬಿಯಾದ ಮರುಭೂಮಿಯಲ್ಲಿದ್ದ ಬ್ರಿಟಿಷ್ ಟ್ಯಾಂಕುಗಳ ಮೇಲೆ ಕಾಣುತ್ತದೆ. ನೇರ ಅಂಚಿನ ಅಗಲವಾದ ಓರೆಪಟ್ಟೆಗಳು ವಾಹನದ ಆಕಾರವನ್ನೇ ಒಡೆದು ತೋರಿಸುವಂತೆ ಯೋಜಿತವಾಗಿವೆ. 1940ರ ಡಿಸೆಂಬರ್ 9ರಂದು ಈಜಿಪ್ಟಿನ ನಿಬೆಯ್ವಾ ಶಿಬಿರದ ಮೇಲೆ 4ನೆಯ ಭಾರತೀಯ ಡಿವಿಷನ್ ದಾಳಿ ಮಾಡಿದಾಗ ಅದರ ಜತೆ ಸಾಗಿದ 7ನೆಯ ರಾಯಲ್ ಟ್ಯಾಂಕ್ ರೆಜಿಮೆಂಟಿನ ಮಟಿಲ್ಡಾ ಟ್ಯಾಂಕುಗಳು ಈ ವಿನ್ಯಾಸದವೇ ಆದ್ದರಿಂದ, ಭಾರತೀಯ ಸೈನಿಕರ ಕಥೆಯನ್ನು ಮಾದರಿಯಲ್ಲಿ ಹೇಳಬಯಸುವವರಿಗೂ ಇದು ಸಂಬಂಧಿಸಿದ್ದು. ದಾಖಲೆಯಲ್ಲಿರುವ ಮೂರು ಬಣ್ಣಗಳು ಪೋರ್ಟ್‌ಲ್ಯಾಂಡ್ ಸ್ಟೋನ್ ಎಂಬ ಕೆನೆಹಳದಿ, ಸ್ಲೇಟ್ ಎಂಬ ಹಸಿರು ಮಿಶ್ರಿತ ಕಡುಬೂದು, ಮತ್ತು ಸಿಲ್ವರ್ ಗ್ರೇ. ಈ ಸಿಲ್ವರ್ ಗ್ರೇ ದಶಕಗಳ ಕಾಲ ತಿಳಿನೀಲಿಯೆಂದು ಪ್ರಚಾರವಾಯಿತು. ಇಂಗ್ಲೆಂಡಿನ ಬಾವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನ ಮಟಿಲ್ಡಾ ಟ್ಯಾಂಕು ಆಕಾಶದಂಥ ನೀಲಿಪಟ್ಟೆಗಳೊಡನೆ ಬಹುಕಾಲ ಪ್ರದರ್ಶನದಲ್ಲಿದ್ದು, ಅದನ್ನು ಕಂಡ ಕಲಾವಿದರು ಪುಸ್ತಕದ ಚಿತ್ರಗಳನ್ನು ನೀಲಿಯಾಗಿ ಬರೆದರು, ಕಿಟ್ ತಯಾರಕರು ಅದೇ ಚಿತ್ರಗಳನ್ನು ನಂಬಿದರು, ಮಾದರಿಕಾರರು ಕಿಟ್ಟನ್ನು ನಂಬಿದರು. ಮೈಕ್ ಸ್ಟಾರ್ಮರ್ ಎಂಬ ಸಂಶೋಧಕರು ಅಂದಿನ ಬ್ರಿಟಿಷ್ ಮಾನಕ ಬಣ್ಣಪಟ್ಟಿಯ 28ನೆಯ ಸಂಖ್ಯೆಯ ಸಿಲ್ವರ್ ಗ್ರೇ ಚೀಟಿಗೆ ಮರಳಿ, ಅದು ಹಸಿರು ಲೇಪ ಬೆರೆತ ತಿಳಿಬೂದು ಎಂದು ತೋರಿಸಿದರು. ಇಲ್ಲಿ ಒಂದನ್ನೊಂದು ಸಮರ್ಥಿಸುವಂತೆ ತೋರುತ್ತಿದ್ದ ಹತ್ತಾರು ಸಾಕ್ಷಿಗಳೆಲ್ಲ ಒಂದೇ ಮೂಲದ ನಕಲುಗಳಾಗಿದ್ದವು. ಬಣ್ಣದ ಬಗ್ಗೆ ಹತ್ತು ಪುಸ್ತಕಗಳು ಒಂದೇ ಮಾತು ಹೇಳಿದಾಗ ಅವು ಹತ್ತೂ ಎಲ್ಲಿಂದ ಪಡೆದವು ಎಂದು ಕೇಳುವ ಅಭ್ಯಾಸವನ್ನು ಮಾದರಿಕಾರ ಬೆಳೆಸಿಕೊಳ್ಳಲೇಬೇಕು.

ಮ್ಯೂಸಿಯಂನ ವಾಹನವನ್ನು ಪೂರ್ತಿ ನಂಬಲಾಗದಿರುವುದಕ್ಕೆ ರಸಾಯನಶಾಸ್ತ್ರವೂ ಕಾರಣ. ಅಂದಿನ ಅನೇಕ ಪೇಂಟುಗಳಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುತ್ತಿದ್ದದ್ದು ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ. ಅದು ಕತ್ತಲಲ್ಲಿ ಹಳದಿಗಟ್ಟುತ್ತದೆ, ಬಿಸಿಲಲ್ಲಿ ಶಿಥಿಲವಾಗಿ ಮೇಲ್ಮೈ ಸುಣ್ಣದಂತೆ ಪುಡಿಯಾಗುತ್ತದೆ. ವರ್ಣದ್ರವ್ಯಗಳೂ ಒಂದೇ ರೀತಿ ಬಾಳುವುದಿಲ್ಲ: ಕಬ್ಬಿಣದ ಆಕ್ಸೈಡುಗಳ ಕಂದು ಮತ್ತು ಮಣ್ಣಿನ ಹಳದಿ ಬಹುಕಾಲ ನಿಲ್ಲುತ್ತವೆ, ಸೀಸದ ಕ್ರೋಮ್ ಹಳದಿ ಕಪ್ಪಾಗುತ್ತದೆ. ಹಸಿರು ಬಣ್ಣವನ್ನು ಹಳದಿ ಮತ್ತು ನೀಲಿ ಬೆರೆಸಿ ಮಾಡಿದ್ದರೆ ಒಂದು ಮಾಸಿದಾಗ ಇನ್ನೊಂದು ಉಳಿದು ಛಾಯೆಯೇ ಬೇರೆಯಾಗುತ್ತದೆ. ಭಾರತದಲ್ಲಿ ಈ ಎಚ್ಚರಿಕೆಗೆ ಇನ್ನೊಂದು ಮುಖವಿದೆ. ಮಹಾರಾಷ್ಟ್ರದ ಅಹಮದ್‌ನಗರದಲ್ಲಿ, ಈಗಿನ ಅಹಿಲ್ಯಾನಗರದಲ್ಲಿ, 1994ರಲ್ಲಿ ಆರಂಭವಾದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಅನೇಕ ದೇಶಗಳ ಟ್ಯಾಂಕುಗಳನ್ನು ಹತ್ತಿರದಿಂದ ನೋಡುವ ಅಪೂರ್ವ ಅವಕಾಶ ಕೊಡುತ್ತದೆ, ಮತ್ತು ಬೋಲ್ಟು, ಬೆಸುಗೆ, ಚೈನುಗಳ ಅಧ್ಯಯನಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನಮ್ಮ ಹತ್ತಿರದಲ್ಲಿ ಇಲ್ಲ. ಆದರೆ ಬಯಲಿನಲ್ಲಿ ನಿಂತ ವಾಹನವನ್ನು ಮಳೆಬಿಸಿಲಿನಿಂದ ಕಾಯಲು ಕಾಲಕಾಲಕ್ಕೆ ಪೇಂಟು ಹೊಡೆಯಲೇಬೇಕಾಗುತ್ತದೆ. ಆ ಪೇಂಟು ಸಂರಕ್ಷಣೆಯ ಪೇಂಟು, ಯುದ್ಧದ ದಿನದ್ದಲ್ಲ. ಊರೂರಿನ ವೃತ್ತಗಳಲ್ಲಿ ಸ್ಮಾರಕವಾಗಿ ನಿಂತ ಟ್ಯಾಂಕುಗಳ ವಿಷಯವೂ ಅಷ್ಟೇ.

ಸರಿಯಾದ ಬಣ್ಣ ಗೊತ್ತಾದ ಮೇಲೆ ಅದನ್ನು ಮಾದರಿಗೆ ಹಾಗೆಯೇ ಹಚ್ಚಬೇಕೇ ಎಂಬುದು ಮುಂದಿನ ಪ್ರಶ್ನೆ, ಮತ್ತು ಇದರಲ್ಲಿ ಸ್ಕೇಲ್ ಎಫೆಕ್ಟ್ ಎಂಬ ಕಲ್ಪನೆ ಬರುತ್ತದೆ. ದೂರದ ಬೆಟ್ಟ ಮಸುಕಾಗಿ ಕಾಣುವಂತೆ, ಕಿರಿದಾದ ಮಾದರಿಯೂ ದೂರದ ವಸ್ತುವಿನಂತೆ ತೋರಬೇಕಾದರೆ ಬಣ್ಣಕ್ಕೆ ಬಿಳಿ ಬೆರೆಸಿ ತಿಳಿಗೊಳಿಸಬೇಕು ಎಂಬುದು ಇದರ ವಾದ. ಇಯಾನ್ ಹಂಟ್ಲಿ ಅವರ ಹೆಸರಿನಲ್ಲಿ ಪ್ರಚಲಿತವಾಗಿರುವ ಲೆಕ್ಕದಂತೆ 1/72 ಪ್ರಮಾಣಕ್ಕೆ ಶೇ. 15, 1/48ಕ್ಕೆ ಶೇ. 10, 1/32ಕ್ಕೆ ಶೇ. 7ರಷ್ಟು ಬಿಳಿ ಬೇಕು. ಈ ವಾದದ ಅಡಿಪಾಯ ಟ್ಯಾಂಕ್ ಮಾದರಿಯ ಮಟ್ಟಿಗೆ ದುರ್ಬಲವಾದದ್ದು. 1/35ರ ಮಾದರಿಯನ್ನು 30 ಸೆಂಟಿಮೀಟರ್ ದೂರದಿಂದ ನೋಡುವುದು ನಿಜವಾದ ಟ್ಯಾಂಕನ್ನು ಹತ್ತೂವರೆ ಮೀಟರ್ ದೂರದಿಂದ ನೋಡಿದ್ದಕ್ಕೆ ಸಮ. ಹತ್ತೂವರೆ ಮೀಟರಿನಷ್ಟು ಗಾಳಿ ಯಾವ ಬಣ್ಣವನ್ನೂ ಮಸುಕಾಗಿಸುವುದಿಲ್ಲ. ಆದರೂ ಮಾದರಿಯ ಮೇಲೆ ಅಸಲಿ ಛಾಯೆ ಗಾಢವಾಗಿ ತೋರುತ್ತದೆ ಎಂಬ ಅನುಭವ ಸುಳ್ಳಲ್ಲ, ಅದರ ಕಾರಣ ಬೆಳಕು. ನಡುಹಗಲಿನ ಬಿಸಿಲಿನ ಪ್ರಖರತೆ, ಬೆಳಕಿನ ಅಳತೆಯ ಮಾನವಾದ ಲಕ್ಸ್‌ನಲ್ಲಿ, ಸುಮಾರು ಒಂದು ಲಕ್ಷ. ಮನೆಯ ದೀಪದ ಕೆಳಗೆ ಅದು ಕೆಲವು ನೂರು ಮಾತ್ರ. ಬೆಳಕು ಕುಗ್ಗಿದಂತೆ ಬಣ್ಣಗಳ ಕಾಂತಿಯೂ ಕಣ್ಣಿಗೆ ಕುಗ್ಗಿ ಕಾಣುವುದು ದೃಷ್ಟಿವಿಜ್ಞಾನದಲ್ಲಿ ಹಂಟ್ ಪರಿಣಾಮವೆಂದು ದಾಖಲಾಗಿರುವ ಸಂಗತಿ. ಆದ್ದರಿಂದ ಶೇಕಡಾವಾರು ಸೂತ್ರಕ್ಕೆ ಜೋತುಬೀಳುವ ಅಗತ್ಯವಿಲ್ಲ, ಮಾದರಿಯನ್ನು ಇಡುವ ಜಾಗದ ಬೆಳಕಿಗೆ ತಕ್ಕಂತೆ ತಿಳಿಗೊಳಿಸಿದರೆ ಸಾಕು. ಇದಕ್ಕೂ ಶುದ್ಧ ಬಿಳಿಯನ್ನು ಬೆರೆಸುವುದು ಎಲ್ಲ ಬಣ್ಣಗಳಿಗೂ ಒಗ್ಗದು: ಕೆಂಗಂದು ಗುಲಾಬಿಗೆ ತಿರುಗುತ್ತದೆ, ಆಲಿವ್ ಹಸಿರು ಪುದೀನಾ ಬಣ್ಣಕ್ಕೆ ಜಾರುತ್ತದೆ. ಅವುಗಳಿಗೆ ಮೂಲಬಣ್ಣವಾದ ಕಡುಹಳದಿಯನ್ನೇ ಬೆರೆಸಿದರೆ ತಿಳಿಯೂ ಆಗುತ್ತದೆ, ಮೂರು ಬಣ್ಣಗಳ ನಡುವೆ ಹೊಂದಾಣಿಕೆಯೂ ಬರುತ್ತದೆ. ಅಮೆರಿಕದ ಆಲಿವ್ ಡ್ರ್ಯಾಬ್ ಮೂಲತಃ ಮಣ್ಣಿನ ಹಳದಿ ಮತ್ತು ಕಪ್ಪಿನ ಮಿಶ್ರಣವಾಗಿದ್ದರಿಂದ ಅದಕ್ಕೂ ಬಿಳಿಗಿಂತ ಮಣ್ಣುಹಳದಿ ಅಥವಾ ಖಾಕಿ ಸೇರಿಸುವುದೇ ಸರಿ.

ಪರೀಕ್ಷೆಯಿಲ್ಲದೆ ಬಣ್ಣವನ್ನು ನೇರವಾಗಿ ಮಾದರಿಯ ಮೇಲೆ ಹಚ್ಚಬಾರದು. ಹಲವರು ಅನುಸರಿಸುವ ಕ್ರಮ ಹೀಗಿದೆ: ಎರಡು ಪ್ಲಾಸ್ಟಿಕ್ ಚಮಚಗಳ ಬೆನ್ನಿಗೆ, ಒಂದಕ್ಕೆ ಬೂದು ಪ್ರೈಮರನ್ನೂ ಇನ್ನೊಂದಕ್ಕೆ ಕೆಂಪು ಪ್ರೈಮರನ್ನೂ ಹೊಡೆದು, ಎರಡರ ಮೇಲೂ ಕಡುಹಳದಿಯನ್ನು ಏರ್‌ಬ್ರಷ್ಷಿನಿಂದ, ಅಂದರೆ ಗಾಳಿಯ ಒತ್ತಡದಿಂದ ಬಣ್ಣವನ್ನು ಸೂಕ್ಷ್ಮ ತುಂತುರಾಗಿ ಎರಚುವ ಪೆನ್ನಿನಂಥ ಉಪಕರಣದಿಂದ, ತೆಳ್ಳಗೆ ಎರಡು ಸಲ ಹಾಯಿಸುತ್ತಾರೆ. ಒಂದು ರಾತ್ರಿ ಒಣಗಿದ ಮೇಲೆ ನೋಡಿದರೆ ಬೂದಿನ ಮೇಲಿನ ಹಳದಿ ಹಸಿರಿಗೆ ವಾಲಿರುತ್ತದೆ, ಕೆಂಪಿನ ಮೇಲಿನದು ಬೆಚ್ಚಗೆ ಕಾಣುತ್ತದೆ, ಹಾಗೂ ಎರಡೂ ಹಸಿಯಾಗಿದ್ದಾಗ ಕಂಡ ಬಣ್ಣಕ್ಕಿಂತ ಬೇರೆಯಾಗಿರುತ್ತವೆ. ಮಣ್ಣು, ಎಣ್ಣೆಯ ಕಲೆಗಳನ್ನು ತೋರಿಸಲು ಕೊನೆಗೆ ಹಚ್ಚುವ ಕಂದು ವಾಶ್ ಎಂಬ ತೀರ ತೆಳುವಾದ ಬಣ್ಣವನ್ನೂ ಚಮಚದ ಅರ್ಧಭಾಗಕ್ಕೆ ಹಚ್ಚಿ ನೋಡಬೇಕು, ಏಕೆಂದರೆ ಅದು ಇಡೀ ಮೇಲ್ಮೈಯನ್ನು ಇನ್ನೊಂದು ಮೆಟ್ಟಿಲು ಗಾಢವಾಗಿಸುತ್ತದೆ. ಮೂಲಬಣ್ಣವನ್ನು ಮೊದಲೇ ತುಸು ತಿಳಿಯಾಗಿ ಇಟ್ಟುಕೊಂಡರೆ ಕೊನೆಗೆ ಸರಿಯಾದಲ್ಲಿಗೆ ಬಂದು ನಿಲ್ಲುತ್ತದೆ. ಆಮೇಲೆ ಚಮಚವನ್ನು ಕಿಟಕಿಯ ನೆರಳಿನ ಬೆಳಕಿನಲ್ಲಿಯೂ ಮನೆಯ ಎಲ್‌ಇಡಿ ಬಲ್ಬಿನಡಿಯೂ ಹಿಡಿದು ನೋಡಬೇಕು. ಹಗಲಿನಲ್ಲಿ ಒಂದೇ ರೀತಿ ಕಂಡ ಎರಡು ಪೇಂಟುಗಳು ಬಲ್ಬಿನಡಿ ಬೇರೆಬೇರೆಯಾಗಿ ಕಾಣುವುದುಂಟು. ಬೇರೆ ಬೇರೆ ವರ್ಣದ್ರವ್ಯಗಳಿಂದ ಒಂದೇ ಛಾಯೆಯನ್ನು ಸಾಧಿಸಿದಾಗ ಹೀಗಾಗುತ್ತದೆ, ಇದಕ್ಕೆ ಮೆಟಾಮೆರಿಸಂ ಎಂದು ಹೆಸರು. ಮೊಬೈಲ್ ಪರದೆಯ ಮೇಲಿನ ಬಣ್ಣಕ್ಕೆ ಪೇಂಟನ್ನು ಹೋಲಿಸುವುದು ಕೂಡದು, ಪರದೆಯಿಂದ ಪರದೆಗೆ ಅದು ಬದಲಾಗುತ್ತದೆ.

ಬಾಟಲಿಯ ಮೇಲಿನ ಹೆಸರು ಹುಡುಕಾಟದ ಆರಂಭವಷ್ಟೇ. ತಮಿಯಾದ ಎಕ್ಸ್‌ಎಫ್-60 ಡಾರ್ಕ್ ಯೆಲ್ಲೊ, ಎಕ್ಸ್‌ಎಫ್-63 ಜರ್ಮನ್ ಗ್ರೇ, ಎಕ್ಸ್‌ಎಫ್-62 ಆಲಿವ್ ಡ್ರ್ಯಾಬ್ ಮುಂತಾದವು ಬೆರೆಸಿ ತಿದ್ದಿಕೊಳ್ಳಲು ಅನುಕೂಲವಾದ ಮೂಲಬಣ್ಣಗಳು. ದುಬಾರಿ ಸೆಟ್ಟುಗಳಿಲ್ಲದೆಯೂ ನಾಲ್ಕೈದು ಬಾಟಲಿಗಳಿಂದ ಸಮರ್ಪಕವಾದ ಕೆಲಸ ನಡೆಯುತ್ತದೆ.

ಒಂದು ನಿಖರ ಬಿಂದು ಸಿಗದಿದ್ದರೂ ಸರಿಯಾದ ಬಣ್ಣಕ್ಕೆ ಒಂದು ವ್ಯಾಪ್ತಿ ಇದ್ದೇ ಇದೆ. ಕಡುಹಳದಿಯು ಹಸಿರಿಗೆ ಅಥವಾ ಮರಳಿಗೆ ತುಸು ವಾಲಿದರೆ ಅದನ್ನು ತಪ್ಪೆನ್ನಲು ಯಾರ ಬಳಿಯೂ ಆಧಾರವಿಲ್ಲ. ಆದರೆ 1940ರ ಮೇ ತಿಂಗಳ ಫ್ರಾನ್ಸಿನಲ್ಲಿ ಕಡುಹಳದಿಯ ಜರ್ಮನ್ ಟ್ಯಾಂಕು, ನಿಬೆಯ್ವಾದಲ್ಲಿ ಆಕಾಶನೀಲಿಯ ಮಟಿಲ್ಡಾ, ಇವು ಎಷ್ಟೇ ಅಂದವಾಗಿದ್ದರೂ ತಪ್ಪೇ. ಹೇಗೂ ಖಚಿತವಾಗಿ ತಿಳಿಯದು, ಆದ್ದರಿಂದ ಯಾವುದಾದರೂ ನಡೆಯುತ್ತದೆ ಎಂಬ ಉದಾಸೀನವು ಆ ವಾಹನಗಳೊಳಗೆ ಕುಳಿತು ಹೋರಾಡಿದವರ ಇತಿಹಾಸಕ್ಕೆ ಮಾಡುವ ಅನ್ಯಾಯ. ಕನ್ನಡಿಗ ಮಾದರಿಕಾರರು ಕೈಗೆತ್ತಿಕೊಳ್ಳಬಹುದಾದ ವಿಷಯವೊಂದು ಇಂಥ ಶ್ರದ್ಧೆಗಾಗಿ ಕಾದಿದೆ: 1948ರ ನವೆಂಬರ್ 1ರಂದು, ಕೊಡಗಿನ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರ ನೇತೃತ್ವದಲ್ಲಿ, 7ನೆಯ ಲೈಟ್ ಕ್ಯಾವಲ್ರಿಯ ಸ್ಟುಅರ್ಟ್ ಟ್ಯಾಂಕುಗಳು ಹನ್ನೊಂದು ಸಾವಿರ ಅಡಿಗೂ ಹೆಚ್ಚು ಎತ್ತರದ ಜೋಜಿಲಾ ಕಣಿವೆದಾರಿಯನ್ನು ಭೇದಿಸಿದ ಕಾರ್ಯಾಚರಣೆ. ಅಮೆರಿಕದಲ್ಲಿ ತಯಾರಾದ ಟ್ಯಾಂಕಿಗೆ ಆಲಿವ್ ಡ್ರ್ಯಾಬ್ ಎಂಬ ಊಹೆಯಿಂದ ಕೆಲಸ ಆರಂಭಿಸಿ, ಅಂದಿನ ಚಿತ್ರಗಳಲ್ಲಿ ಹಿಮದ ಬಿಳುಪಿನೆದುರು ಟ್ಯಾಂಕಿನ ಗಾಢತೆ ಎಷ್ಟಿದೆ, ಗುರುತುಗಳು ಎಲ್ಲಿವೆ ಎಂದು ಹೋಲಿಸುತ್ತ ಹೋಗುವುದು ಅದಕ್ಕೆ ತಕ್ಕ ದಾರಿ.

ಇಂಥ ಕೆಲಸ ಮಾಡುವ ಪ್ರತಿಯೊಬ್ಬರೂ ಮಾದರಿಯ ಜತೆಗೆ ಒಂದು ಚೀಟಿಯನ್ನೂ ಇಡಬೇಕು. ಯಾವ ವಾಹನ, ಯಾವ ತಿಂಗಳು, ಯಾವ ಆದೇಶ ಅಥವಾ ಚಿತ್ರ ಆಧಾರ, ಯಾವ ಬಾಟಲಿಯ ಎಷ್ಟು ಹನಿಗೆ ಯಾವುದರ ಎಷ್ಟು ಹನಿ ಬೆರೆಸಲಾಗಿದೆ, ಎಲ್ಲಿ ಊಹೆ ಸೇರಿದೆ ಎಂಬುದನ್ನು ಅದರಲ್ಲಿ ಬರೆದಿಟ್ಟರೆ ನಾಳೆ ಹೊಸ ದಾಖಲೆ ಸಿಕ್ಕಾಗ ಮುಂದಿನವರು ಅದನ್ನು ತಿದ್ದಲು ಸಾಧ್ಯವಾಗುತ್ತದೆ.